ನೀರಿಗಾಗಿ ಬಡಿದ ಕುಲ್ಕುಲ್

ನಾಟಿಯಾಗಿ ಹನ್ನೊಂದು ದಿನವಾಗಿತ್ತು. ರಸ್ಮಿನಿಯ ಗದ್ದೆಯಲ್ಲಿ ಕಪ್ಪೆಯ ಕಾಲು ನೆನೆಯುವಷ್ಟೂ ನೀರಿರಲಿಲ್ಲ. ಇನ್ನೊಂದು ವಾರ ಹೀಗೇ ಹೋದರೆ ಪೈರೆಲ್ಲ ಒಣಹುಲ್ಲಾಗಿ, ಈ ಬೆಳೆಯ ಕಥೆ ಮುಗಿಯುತ್ತಿತ್ತು.

ಗದ್ದೆ ಇದ್ದದ್ದು ಕಾಲುವೆಯ ಕಟ್ಟಕಡೆಯಲ್ಲಿ. ಬೆಟ್ಟದ ಕಟ್ಟೆಯಿಂದ ಹೊರಟ ನೀರು ನಾಲ್ಕು ತೂಬು ದಾಟಿ, ಎಪ್ಪತ್ತು ಮನೆಯ ಗದ್ದೆಗಳನ್ನು ಮಾತಾಡಿಸಿಕೊಂಡು ಕೊನೆಗೆ ಇವಳಲ್ಲಿಗೆ ಬರಬೇಕು. ಎಲ್ಲರಿಗೂ ಸಮಪಾಲು ಅನ್ನುವುದು ಸುಬಕ್‌ನ, ಅಂದರೆ ನೀರಿನ ಕೂಟದ ಕಟ್ಟಳೆ. ಕಟ್ಟಳೆ ಚೆನ್ನಾಗೇ ಇದೆ, ಯಾರು ಬೇಡವೆಂದರು? ಆದರೆ ಅದನ್ನು ನೀರಿಗೆ ಓದಿ ಹೇಳುವವರು ಯಾರು?

ಕೂಟದ ಸಭೆಯಲ್ಲಿ ರಸ್ಮಿನಿ ಬಾಯಿಬಿಟ್ಟು ಕೇಳಿದಳು. ಮೂರನೇ ತೂಬಿನ ಪಕ್ಕದ ಗದ್ದೆಯ ಲೊಂಜೊಂಗ್ ಎದ್ದು ನಿಂತ. ಐವತ್ತು ದಾಟಿದ ಗಟ್ಟಿ ಆಳು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕೊನೆಗೆ ಹೋಗುವವನು ಅಂತ ಅವನಿಗೆ ಹೆಸರಿತ್ತು. ರಸ್ಮಿನಿಗೆ ಅವನು ಬ್ಲಿ, ಅಂದರೆ ಅಣ್ಣ; ಅವನಿಗೆ ಅವಳು ಲುಹ್, ಅಂದರೆ ಹುಡುಗಿ.

"ಏಡಿ ಕಣೇ ಲುಹ್, ಏಡಿ! ನಿನ್ನ ಗದ್ದೆ ಬದುವಿಗೆ ಏಡಿ ತೂತು ಕೊರೆದಿದೆ. ಊರವರ ಫೋನ್ ಬಿಚ್ಚೋದು ಬಿಟ್ಟು ಒಂದಿನ ಬದು ನೋಡು," ಎಂದ.

ಸಭೆ ಗೊಳ್ಳೆಂದಿತು. ರಸ್ಮಿನಿಗೆ ಫೋನ್ ರಿಪೇರಿಯ ಅಂಗಡಿಯಿತ್ತು. ಬದುವನ್ನು ಅವಳು ಮೂರು ಸಲ ಅಂಗೈಯಿಂದ ತಡವಿ ನೋಡಿಯಾಗಿತ್ತು.

"ನಾಲ್ಕನೇ ತೂಬಲ್ಲೇ ನೀರಿಲ್ಲ ಬ್ಲಿ. ಅಲ್ಲಿಗೂ ನನ್ನ ಏಡಿ ನಡ್ಕೊಂಡು ಹೋಯ್ತಾ?"

"ಹೋಗಿದ್ರೂ ಹೋಗಿರಬಹುದು. ನಿನ್ನ ಏಡಿ ತಾನೇ? ನಿನ್ನ ಹಾಗೇ ಊರು ಸುತ್ತುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಾಲುವೆಗುಂಟ ಮೇಲೆ ಹತ್ತಿ ಹೋದರೆ ನೀರು ಜುಳುಜುಳು ಹರಿಯುತ್ತಿರುತ್ತಿತ್ತು, ಕೆಳಗಿಳಿದು ಬರುವಷ್ಟರಲ್ಲಿ ಮಾಯ. ನಾಲ್ಕೂ ತೂಬಿನ ಮುಂದೆ ಒಂದೇ ಹೊತ್ತಿಗೆ ಕೂರಲು ಅವಳೇನು ನಾಲ್ಕು ಜನವೇ? ಸರಿ, ನನ್ನ ಬದಲು ಡಬ್ಬಿಗಳು ಕೂರಲಿ ಎಂದುಕೊಂಡಳು.

ಗುಜರಿಯಲ್ಲಿದ್ದ ಹಳೇ ರೇಡಿಯೋಗಳಿಂದ ಸದ್ದು ಏರಿಸಿ ಇಳಿಸುವ ಗುಂಡಿಗಳನ್ನು ಕಿತ್ತಳು. ಸವೆದ ಹವಾಯಿ ಚಪ್ಪಲಿ ಕತ್ತರಿಸಿ ತೇಲುಬೆಂಡು ಮಾಡಿದಳು. ನೀರು ಏರಿದರೆ ಚಪ್ಪಲಿ ಏರುತ್ತದೆ, ಚಪ್ಪಲಿಗೆ ಕಟ್ಟಿದ ಕಡ್ಡಿ ಗುಂಡಿಯನ್ನು ತಿರುಗಿಸುತ್ತದೆ, ಬೆರಳುಗುರಿನಷ್ಟು ಅಗಲದ ರೇಡಿಯೋ ಚಿಪ್ ಆ ಸುದ್ದಿಯನ್ನು ಎರಡು ಮೈಲಿ ದೂರಕ್ಕೆ ಎಸೆಯುತ್ತದೆ. ಇಷ್ಟೇ ಸಂಗತಿ. ಇದಕ್ಕೆ ಪಟ್ಟಣದವರು ದೊಡ್ಡ ಹೆಸರಿಟ್ಟುಕೊಂಡು ತಿರುಗುತ್ತಾರೆ! ಮೊದಲು ಎಲ್ಲವನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಗೆ ತುಂಬಿದಳು. ಸುದ್ದಿ ತಗಡು ದಾಟಿ ಹೊರಗೇ ಬರಲಿಲ್ಲ. ಆಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳು ಒಂದೊಂದೇ ಕಾಣೆಯಾದವು.

"ನನ್ನ ಖಾರದ ಡಬ್ಬಿ ಎಲ್ಲೇ?" ಎಂದರು ಅತ್ತೆ, ಎಂಬತ್ತರ ದಾದೊಂಗ್ ರೆಂಟಿನ್. ಊರಿಗೆಲ್ಲ ಅವರು ಅಜ್ಜಿ, ದಾದೊಂಗ್; ರಸ್ಮಿನಿಗೆ ಅಮ್ಮ, ಮೆಮೆ. ಒಂದು ತಿಂಗಳಿಂದ ಕೆಮ್ಮು ಹಿಡಿದು ಮಲಗಿದ್ದರು. ಎದ್ದು ಓಡಾಡಲು ಶುರುಮಾಡಿ ನಾಲ್ಕು ದಿನವಾಗಿತ್ತಷ್ಟೆ.

"ಮೂರನೇ ತೂಬಲ್ಲಿದೆ ಮೆಮೆ, ನೀರು ಕಾಯ್ತಿದೆ."

"ಕಾಯಲಿ ಬಿಡು. ಖಾರ ಇತ್ತಲ್ಲ, ಕಳ್ಳ ಮುಟ್ಟಿದ್ರೆ ಕಣ್ಣಾದ್ರೂ ಉರೀಲಿ."

ಹಬ್ಬಕ್ಕೆ ಮನೆಮುಂದೆ ನೆಟ್ಟಿದ್ದ ಉದ್ದ ಬಿದಿರುಗಳೇ ಆಂಟೆನಾ ಕಂಬಗಳಾದವು. ನಾಲ್ಕೂ ಡಬ್ಬಿಗಳ ಮಾತು ಕೇಳಿಸಿಕೊಳ್ಳಲು ಐದನೆಯದೊಂದು ಎತ್ತರದಲ್ಲಿರಬೇಕಿತ್ತು. ಊರಲ್ಲಿ ಎಲ್ಲಕ್ಕಿಂತ ಎತ್ತರ ಕುಲ್ಕುಲ್ ಗೋಪುರ. ಅಲ್ಲಿ ತೂಗುವ ಟೊಳ್ಳು ಮರದ ಕೊರಡನ್ನು ಬಡಿದರೆ ಊರಿಗೆ ಊರೇ ಓಡಿಬರುತ್ತದೆ. ರಸ್ಮಿನಿಗೆ ಬೇಕಾದದ್ದೂ ಅದೇ. ಸುದ್ದಿ ತನ್ನೊಬ್ಬಳ ಫೋನಿಗೆ ಬಂದರೆ ಏನು ಬಂತು? ಅವಳು ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ಕಳ್ಳ ತೂಬು ಸರಿಮಾಡಿ ಸಾಚಾ ಆಗಿರುತ್ತಾನೆ. ನೀರು ನಿಂತ ಗಳಿಗೆಯಲ್ಲೇ ಊರವರೆಲ್ಲ ಸೇರಬೇಕು, ಸೇರಿ ಮೇಲೆ ಹೋಗಿ ಕಣ್ಣಾರೆ ನೋಡಬೇಕು.

ಊರ ಹಿರಿಯ ಪಕ್ ಗೆಜಿರ್ ಅವಳ ಮಾತನ್ನೆಲ್ಲ ಕೇಳಿ ಗಡ್ಡ ಕೆರೆದುಕೊಂಡರು.

"ಕುಲ್ಕುಲ್ ಆಟದ ಸಾಮಾನಲ್ಲಮ್ಮ. ಬಿರಬಿರನೆ ಬಡಿದ್ರೆ ಕೆಲಸಕ್ಕೆ ಬನ್ನಿ ಅಂತ. ಒಂದೇಟು ಬಡಿದು, ನಿಂತು, ಇನ್ನೊಂದೇಟು ಬಡಿದ್ರೆ ಸಾವು. ನಿನ್ನ ಯಂತ್ರಕ್ಕೆ ಇದೆಲ್ಲ ಗೊತ್ತಾ?"

"ಕಲಿಸಿದ್ದೀನಿ ಪಕ್. ಬಿರಬಿರನೆ ಮಾತ್ರ ಬಡಿಯುತ್ತೆ."

"ಬಡಿತ ತಪ್ಪಿತೋ, ಆಂಟೆನಾ, ಡಬ್ಬಿ ಎಲ್ಲಾ ಕಿತ್ತು ಕೆಳಗಿಳಿಸ್ತೀನಿ. ಆಮೇಲೆ ನೀನುಂಟು, ನಿನ್ನ ಏಡಿ ಉಂಟು."

ಗುಜರಿ ಲಾರಿಯ ಗಾಜು ಒರೆಸುವ ಮೋಟಾರಿಗೆ ಮರದ ಸುತ್ತಿಗೆ ಕಟ್ಟಿ, ಸಣ್ಣದೊಂದು ಬ್ಯಾಟರಿ ಇಟ್ಟು, ಗೋಪುರದ ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಸೌರಫಲಕ ಮಲಗಿಸಿದಳು. ಬಿರಬಿರನೆ ಬಡಿದು ನೋಡಿದಳು. ಗಡಿಯಾರದ ಹಾಗೆ ಕೆಲಸ ಮಾಡಿತು. ಎರಡು ದಿನ ಏನೂ ಆಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ. ಊಟ ಮುಗಿಸಿ ಊರೆಲ್ಲ ತೂಕಡಿಸುವ ಹೊತ್ತು. ಅಂಗಡಿಯಲ್ಲಿ ರಸ್ಮಿನಿ ಒಂದು ಫೋನಿನ ಹೊಟ್ಟೆ ಬಗೆದು ಕೂತಿದ್ದಳು. ಗೋಪುರದಿಂದ ಸದ್ದು ಬಂತು.

ಟಕ್.

ಹಿಗ್ಗಿನಿಂದ ಎದ್ದು ನಿಂತಳು. ಸಿಕ್ಕಿಬಿದ್ದ! ಆಮೇಲೆ ಸದ್ದಿಲ್ಲ. ಎರಡು ಉಸಿರು ಎಳೆಯುವಷ್ಟು ಹೊತ್ತು ಕಳೆದ ಮೇಲೆ ಇನ್ನೊಂದು.

ಟಕ್.

ಅಯ್ಯೋ ದೇವರೇ, ಇದು ಸಾವಿನ ಬಡಿತ! ಬ್ಯಾಟರಿ ಸೊರಗಿ ಮೋಟಾರು ಎದ್ದೆನೋ ಬಿದ್ದೆನೋ ಅಂತ ತಿರುಗುತ್ತಿದೆ. ಚಪ್ಪಲಿ ಎಲ್ಲೋ ಬಿಟ್ಟು ಗೋಪುರದತ್ತ ಓಡಿದಳು.

ಬ್ಯಾಟರಿ ಸೊರಗದೆ ಇನ್ನೇನಾದೀತು? ಸೌರಫಲಕದ ಮೇಲೆ ಬಾಳೆಲೆ, ಹೂವು, ಅಕ್ಕಿ, ಊದುಬತ್ತಿ ಇಟ್ಟ ಎಡೆತಟ್ಟೆಗಳು ಸಾಲಾಗಿ ಕೂತಿದ್ದವು. ಒಂದಲ್ಲ, ಎರಡಲ್ಲ, ಮೂರು ದಿನದ್ದು. ಸಾಲದ್ದಕ್ಕೆ ಮೇಲೆ ಕಪ್ಪುಬಿಳುಪಿನ ಚೌಕಳಿಯ ದೇವರ ಬಟ್ಟೆ ಬೇರೆ. ಅದನ್ನು ಅಷ್ಟು ಒಪ್ಪವಾಗಿ ಮಡಿಸುವ ಕೈ ಊರಲ್ಲಿ ಒಂದೇ, ಅತ್ತೆಯದು.

ಮೋಟಾರಿನ ವೈರು ಕಿತ್ತು ಬಡಿತ ನಿಲ್ಲಿಸುವಷ್ಟರಲ್ಲಿ ಊರು ನೆರೆದಾಗಿತ್ತು. ಹೆಂಗಸರ ತಲೆಯ ಮೇಲೆ ಸಾವಿನ ಮನೆಗೆ ಕೊಡುವ ಅಕ್ಕಿಯ ಬುಟ್ಟಿ, ಗಂಡಸರ ಸೊಂಟದಲ್ಲಿ ಚಟ್ಟಕ್ಕೆ ಬಿದಿರು ಕಡಿಯುವ ಕತ್ತಿ. "ಯಾರು? ಯಾರು ಹೋದ್ರು?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಪಕ್ ಗೆಜಿರ್ ರಸ್ಮಿನಿಯನ್ನು ನೋಡಿದ ನೋಟಕ್ಕೆ ಅವಳು ಅಲ್ಲೇ ನೆಲ ಸೇರಿಬಿಡಬೇಕಿತ್ತು.

"ಯಾರು ಸತ್ತದ್ದಮ್ಮ?"

"ಯಾರೂ ಇಲ್ಲ ಪಕ್. ಬ್ಯಾಟರಿ..." ಗದ್ದೆ ಹೋಯಿತು, ಮರ್ಯಾದೆಯೂ ಹೋಯಿತು.

"ಇಳಿಸು ಎಲ್ಲಾನೂ," ಎಂದರು ಪಕ್ ಗೆಜಿರ್. "ಈಗಲೇ ಇಳಿಸು."

ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ಲೊಂಜೊಂಗ್ ಓಡಿಬರುತ್ತಿದ್ದ. ಮೊಣಕಾಲಿನವರೆಗೆ ಕೆಸರು, ಕಣ್ಣಲ್ಲಿ ಧಾರಾಕಾರ ನೀರು, ಹೆಗಲ ಮೇಲೆ ದಪ್ಪನೆಯದೊಂದು ಬಾಳೆದಿಂಡು. ಹೆಣ ತೊಳೆಯುವ ಚಟ್ಟಕ್ಕೆ ಬಾಳೆದಿಂಡು ಬೇಕೇ ಬೇಕು. ಬೇರೆಯವರಿಗೆ ಹೊಳೆಯುವ ಮುಂಚೆ ಅದನ್ನು ತರುವವನು ಅವನೇ.

"ನೋಡಿ, ಎಂಥಾ ಮನುಷ್ಯ," ಎಂದಳೊಬ್ಬಳು ಮುದುಕಿ.

"ದಾದೊಂಗ್!" ಎಂದು ಲೊಂಜೊಂಗ್ ದಿಂಡನ್ನು ಧೊಪ್ಪನೆ ಕೆಳಗೆ ಹಾಕಿ ಬಿಕ್ಕಿದ. "ಕೆಮ್ಮು ಇತ್ತು ಅಂತ ಗೊತ್ತಿತ್ತು, ಇಷ್ಟು ಬೇಗ ಹೋಗ್ತೀಯ ಅಂದ್ಕೊಂಡಿರಲಿಲ್ಲ! ನನ್ನ ಎತ್ತಿ ಆಡಿಸಿದ ಕೈ ಅದು!"

"ಯಾಕೋ ಹಾಗೆ ಅರಚ್ತೀಯಾ?" ಎಂದರು ದಾದೊಂಗ್ ರೆಂಟಿನ್, ಕೋಲೂರಿಕೊಂಡು ಗುಂಪಿನ ಹಿಂದಿನಿಂದ ಬರುತ್ತ. "ನಾನೇ ಹೋದೆ ಅಂತ ನನಗೂ ಅನುಮಾನ ಬಂತು. ವಿಚಾರಿಸೋಣ ಅಂತಲೇ ಎದ್ದು ಬಂದೆ."

ಊರು ಬಿದ್ದು ಬಿದ್ದು ನಕ್ಕಿತು. ರಸ್ಮಿನಿ ಮಾತ್ರ ನಗಲಿಲ್ಲ. ಅವಳು ದಿಂಡನ್ನೇ ನೋಡುತ್ತಿದ್ದಳು. ಅದರ ಎರಡು ಬದಿಯನ್ನೂ ಚಪ್ಪಟೆಯಾಗಿ ಕೆತ್ತಲಾಗಿತ್ತು, ಒಂದು ಮೈಗೆ ಪಾಚಿ, ಸಂದುಗಳಲ್ಲಿ ಒತ್ತಿ ಮೆತ್ತಿದ ಜೇಡಿ. ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದಳು. ನಾಲ್ಕನೇ ತೂಬಿನ ಚಪ್ಪಲಿ ಏರುತ್ತಿತ್ತು. ಎರಡು ಬೆರಳು, ಮೂರು ಬೆರಳು, ಒಂದು ಗೇಣು.

"ಈ ದಿಂಡು ಎಲ್ಲಿ ಸಿಕ್ತು ಬ್ಲಿ?" ಎಂದು ಮೆಲ್ಲಗೆ ಕೇಳಿದಳು.

"ಅಲ್ಲೇ... ಕೈಗೆ ಸಿಕ್ಕಿದ್ದನ್ನ ಎಳ್ಕೊಂಡು..." ಎಂದವನು ಅಷ್ಟಕ್ಕೇ ನಿಲ್ಲಿಸಿದ.

ನಗು ನಿಂತಿತು. ಹುಟ್ಟಿದಾಗಿನಿಂದ ತೂಬು ನೋಡಿದ ಜನ. ಅದು ತೂಬಿನ ಬಾಯಿಗೆ ಅಳೆದು ಅಡ್ಡ ಇಟ್ಟ ದಿಂಡು ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಲೊಂಜೊಂಗ್ ಕೆಸರು ಕಾಲನ್ನೇ ನೋಡುತ್ತ ನಿಂತ.

ರಸ್ಮಿನಿ ಬೈಯಲು ಎಷ್ಟೋ ದಿನದಿಂದ ಮಾತು ಕೂಡಿಸಿಟ್ಟಿದ್ದಳು. ಆದರೆ ಅವನ ಕೆನ್ನೆಯ ಮೇಲೆ ಅವಳ ಅತ್ತೆಗಾಗಿ ಸುರಿದ ಕಣ್ಣೀರು ಇನ್ನೂ ಹಸಿಯಾಗಿಯೇ ಇತ್ತು. ಹಾಳಾದವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

"ನಾಟಿ ಮಾಡಿದ್ದನ್ನೆಲ್ಲ ಬಸವನಹುಳ ತಿಂದುಹಾಕ್ತು," ಎಂದ ಲೊಂಜೊಂಗ್. "ಎರಡನೇ ಸಲ ನಾಟಿ ಮಾಡಿದೆ. ಪಾಲಿನ ನೀರು ಸಾಲಲಿಲ್ಲ."

"ಕೇಳಿದ್ರೆ ಬಿಟ್ಟುಕೊಡ್ತಿದ್ದೆ ಬ್ಲಿ. ಸುಬಕ್‌ನಲ್ಲಿ ಕೇಳಿ ಪಡೆಯೋದು ಇದ್ದದ್ದೇ ಅಲ್ವಾ?"

"ಮೇಲಿನ ಗದ್ದೆಯವನು ಬಂದು ಕಡೇ ಗದ್ದೆಯವಳ ಹತ್ರ ಕೇಳೋದಾ? ನಾಚಿಕೆ ಆಯ್ತು ಲುಹ್."

"ಕದಿಯೋಕೆ ನಾಚಿಕೆ ಆಗಲಿಲ್ವಾ?" ಎಂದರು ದಾದೊಂಗ್. ಪಕ್ ಗೆಜಿರ್ ಕಡೆ ತಿರುಗಿ, "ನೀನೇನೋ ಬಡಿತ ತಪ್ಪಿತು ಅಂತಿದ್ದೆ? ಅಲ್ಲಿ ಪೈರು ಸಾಯ್ತಿತ್ತು. ಸರಿಯಾಗೇ ಬಡಿದಿದೆ. ದಿನಾ ಎಡೆ ಇಟ್ಟಿದ್ದು ಸುಮ್ನೆ ಹೋಗಲಿಲ್ಲ," ಎಂದರು.

ಪಕ್ ಗೆಜಿರ್ ಗಡ್ಡ ಕೆರೆದುಕೊಂಡರು. ಡಬ್ಬಿ ಇಳಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಸೌರಫಲಕವನ್ನು ಗೋಪುರದ ಸೂರಿನ ಮೇಲೆ, ದಾದೊಂಗ್ ಕೈಗೆ ಎಟುಕದ ಕಡೆ ಕಟ್ಟಿಸಿದರು. ಕಟ್ಟಿದವನು ಲೊಂಜೊಂಗ್. ಎಡೆ ಇಡಲು ಬೇರೆ ಕಲ್ಲು ಹಾಕಿದ್ದೂ ಅವನೇ.

ರಸ್ಮಿನಿಯ ಪೈರು ಚೇತರಿಸಿಕೊಂಡು ಹಸಿರಾಯಿತು. ಹತ್ತನೆಯ ದಿನ ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ಲೊಂಜೊಂಗ್ ನಿಂತಿದ್ದ. ರಿಪೇರಿಗೆ ತಂದದ್ದು ಏನೂ ಇರಲಿಲ್ಲ. ಒಳಗೆ ಮೂರು ಗಿರಾಕಿಗಳಿದ್ದರು. ಅವರ ಕಡೆ ನೋಡಿದ, ಕೆಮ್ಮಿದ, ಆಮೇಲೆ ಎಲ್ಲರಿಗೂ ಕೇಳುವಂತೆಯೇ ಹೇಳಿದ:

"ಲುಹ್, ನಿನ್ನ ಪಾಲಿನ ನೀರು ಎರಡು ದಿನ ಬಿಟ್ಟುಕೊಡ್ತೀಯಾ?"

ಮೇಲಿನ ಗದ್ದೆಯವನೊಬ್ಬ ಕೆಳಗಿನವರ ಬಾಗಿಲಿಗೆ ಬಂದು ಹೀಗೆ ಕೇಳಿದ್ದನ್ನು ಆ ಊರು ಕಂಡಿರಲಿಲ್ಲ. ಕೊಡುತ್ತೇನೆ ಎಂದು ರಸ್ಮಿನಿಯ ಮನಸ್ಸು ಆಗಲೇ ಹೇಳಿಯಾಗಿತ್ತು. ಆದರೂ ಫೋನು ಎತ್ತಿಕೊಂಡು ನಾಲ್ಕೂ ತೂಬನ್ನು ನಿಧಾನವಾಗಿ, ಒಂದೊಂದಾಗಿ ನೋಡಿದಳು. ಆಮೇಲೆ ಕಾಲಿನಿಂದ ಸ್ಟೂಲನ್ನು ಅವನತ್ತ ತಳ್ಳಿ, ಲೋಟಕ್ಕೆ ಕಾಫಿ ಬಗ್ಗಿಸಿದಳು.

"ಕೂತ್ಕೊ ಬ್ಲಿ," ಎಂದಳು. "ನನ್ನ ಏಡೀನ ಒಂದು ಮಾತು ಕೇಳಿ ಹೇಳ್ತೀನಿ."