ಕುದುರೆಯ ಬೆನ್ನು: ಪರ, ವಿರೋಧ, ಪೆಪ್ಪರ್‌ಮಿಂಟ್

ಎಲ್ಲಿಂದ ಶುರು ಮಾಡಲಿ? ಕುದುರೆಯ ಮೂತಿಯಿಂದ ಮಾಡಿದರೆ ಮಕ್ಕಳ ಕಥೆಯಾಗುತ್ತದೆ, ಬಾಲದಿಂದ ಮಾಡಿದರೆ ಒದೆ ಬೀಳುತ್ತದೆ. ತೊಂದರೆಯಿರುವುದು ಬೆನ್ನಿನಲ್ಲಿ. ಅಲ್ಲಿಂದಲೇ ಹೊರಡೋಣ.

೧
ಗಾಲ್ವೇ ಸೀಮೆಯ ಅಟ್ರಾಕ್ಟಾ ಮಲ್ಹರ್ನ್‌ಗೆ ಅರವತ್ತೊಂದು ವರ್ಷ, ಅವಳ ಹೆಣ್ಣುಕುದುರೆ ಬಿಡ್ಡಿಗೆ ಹದಿನಾಲ್ಕು. ಹತ್ತು ವರ್ಷದಿಂದ ಇಬ್ಬರೂ ಸೇರಿ ಆ ಸೀಮೆಯ ಕಲ್ಲುಗೋಡೆಗಳನ್ನು ಹಾರಿದ್ದಾರೆ. ಈ ಚಳಿಗಾಲ ಬಿಡ್ಡಿ ಗೋಡೆಯ ಮುಂದೆ ಗಕ್ಕನೆ ನಿಂತುಬಿಡುತ್ತಿದೆ. ಒಮ್ಮೆ ಅಟ್ರಾಕ್ಟಾ ಒಬ್ಬಳೇ ಗೋಡೆ ಹಾರಿದ್ದೂ ಆಯಿತು. (ನಗಬೇಡಿ. ಹೆಗಲ ಮೂಳೆ ಮುರಿದಿತ್ತು.)

"ಎಕ್ಸ್‌ರೇ ತೆಗೀಬೇಕು," ಅಂದಳು ಪಶುವೈದ್ಯೆ ಓರ್ಲಾ ಹೆಫರ್ನನ್. "ಬೆನ್ನುಮೂಳೆಗಳು ಒಂದಕ್ಕೊಂದು ತಾಗ್ತಿದ್ರೆ..."

"ತಾಗ್ತಿದ್ರೆ?"

"ಸವಾರಿ ಬಹುಶಃ ಮುಗೀತು."

"ಹಂಗಾದ್ರೆ ಬೇಡ ಕಣಮ್ಮ. ಬೆನ್ನಿನವನ್ನ ಕರೆಸ್ತೀನಿ."

ಬೆನ್ನಿನವನು ಅಂದರೆ ಕೋರ್ಮಾಕ್ ಟೂಹಿ. ಅವನ ವ್ಯಾನಿನ ಮೇಲೆ 'ಕೈರೋಪ್ರಾಕ್ಟರ್' ಎಂದಿದೆ, ಆದರೆ ಊರಿನವರ ಬಾಯಿಗೆ ಅಷ್ಟು ವ್ಯವಧಾನವಿಲ್ಲ. ಹುಲ್ಲಿನ ಪೆಂಡಿ ಹತ್ತಿ ನಿಂತು, ಅಂಗೈ ಊರಿ, ಕುದುರೆಯ ಬೆನ್ನಿಗೆ ಚುರುಕಾಗಿ ಒಂದು ಗುದ್ದು ಕೊಡುತ್ತಾನೆ. ಅದೇ ಚಿಕಿತ್ಸೆ.

೨ (ಹೊಡೆದುಹಾಕಿದ ಕರಡು)
ಇಲ್ಲಿ ಕೋರ್ಮಾಕನನ್ನು ಢೋಂಗಿ ಮಾಡಿ ಬರೆದಿದ್ದೆ. ಅವನು ಪುಟದೊಳಗಿಂದ ಕತ್ತು ಚಾಚಿದ.

"ಏನಯ್ಯಾ ಕಥೆಗಾರ, ನಂಗ್ಯಾಕೆ ಹುರಿಮೀಸೆ?"

"ನೀನು ಎಂಥವನು ಅಂತ ಓದುಗರಿಗೆ ಗೊತ್ತಾಗ್ಲಿ ಅಂತ."

"ಮೀಸೇನೇ ಪುರಾವೇನಾ? ನಾನು ಮುಟ್ಟಿದ್ಮೇಲೆ ಕುದುರೆ ಚೆನ್ನಾಗಿ ನಡೆಯುತ್ತೆ. ಕುದುರೆಗೆ ನಂಬಿಕೆ ಗಿಂಬಿಕೆ ಇರುತ್ತಾ?"

ಮೀಸೆ ಬೋಳಿಸಿದೆ. ಮಾತು ಗಟ್ಟಿಯಾಗಿಯೇ ಇತ್ತು.

ಓರ್ಲಾ ಬಿಡುತ್ತಾಳೆಯೇ? "ಕುದುರೆಗಿಲ್ಲ, ಮೇಲೆ ಕೂತೋರಿಗೆ ಇರುತ್ತೆ. ಅವರು ಧೈರ್ಯವಾಗಿ ಕೂತ್ರೆ ಅದೂ ಹಗುರಾಗಿ ನಡೆಯುತ್ತೆ."

೩
ಈ ಗುದ್ದಿನ ಚಿಕಿತ್ಸೆಯ ಬಗ್ಗೆ ಸಿಕ್ಕ ಅಧ್ಯಯನಗಳನ್ನೆಲ್ಲ ಓರ್ಲಾ ಓದಿದ್ದಾಳೆ. ಒಂದರಲ್ಲಿ ಇದ್ದದ್ದು ಬೆರಳೆಣಿಕೆಯ ಕುದುರೆಗಳು. ಇನ್ನೊಂದರಲ್ಲಿ, ಹೋಲಿಸಿ ನೋಡೋಣವೆಂದರೆ, ಗುದ್ದು ತಿನ್ನದ ಕುದುರೆಯೇ ಇಲ್ಲ. ಬೆನ್ನಿನ ಬಿಗಿ ಕೆಲವು ದಿನ ಸಡಿಲವಾಗಬಹುದು, ಒತ್ತಿದಾಗ ನೋವು ಕಡಿಮೆಯಾಗಬಹುದು. ಅದರಾಚೆಗೆ ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಜಾರಿದ ಮೂಳೆಯನ್ನು ಕೂರಿಸಿದೆ ಎಂಬ ಮಾತಿಗಂತೂ ಬುಡವಿಲ್ಲ. (ಆದರೆ 'ಗೊತ್ತಿಲ್ಲ' ಅಂದರೆ 'ಸುಳ್ಳು' ಅಂತಲ್ಲ. ಇದು ಓರ್ಲಾಗೆ ಸಿಟ್ಟು ತರಿಸುವ ಸತ್ಯ.)

ಕೊನೆಗೆ ಅವಳೇ ಪರೀಕ್ಷೆ ಇಟ್ಟಳು. ನಾಲ್ಕು ದಿನ ಕೋರ್ಮಾಕ್ ಲಾಯದೊಳಗೆ ಒಬ್ಬನೇ ಹೋಗಬೇಕು. ಎರಡು ದಿನ ಗುದ್ದಬೇಕು, ಎರಡು ದಿನ ಸುಮ್ಮನೆ ನಿಂತು ಬರಬೇಕು. ಯಾವ ದಿನ ಯಾವುದೆಂದು ತಿಳಿಯದ ಅಟ್ರಾಕ್ಟಾ ಸವಾರಿ ಮಾಡಿ, ಬಿಡ್ಡಿ ಹೇಗೆ ನಡೆಯಿತೆಂದು ಹೇಳಬೇಕು.

ನಾಲ್ಕಕ್ಕೆ ನಾಲ್ಕೂ ಸರಿಹೋಯಿತು! ಗುದ್ದಿದ ದಿನ ಬಿಡ್ಡಿ ಬೆಣ್ಣೆ, ಗುದ್ದದ ದಿನ ಮರದ ಕೊರಡು. ಕೋರ್ಮಾಕ್ ಕುಣಿದೇಬಿಟ್ಟ. ಮುಖ ಸಪ್ಪಗಾದ ಓರ್ಲಾ ಬಿಡ್ಡಿಯ ಮೂತಿ ಸವರಿದವಳು ಮೂಗು ಅರಳಿಸಿದಳು.

"ಪೆಪ್ಪರ್‌ಮಿಂಟ್ ಕೊಟ್ಯಾ?"

"ಗುದ್ದಿಸ್ಕೊಂಡ ಕುದುರೆಗೆ ಒಂದು ಪೆಪ್ಪರ್‌ಮಿಂಟೂ ಕೊಡ್ದೇ ಬರ್ಲಾ? ಮರ್ಯಾದೆ ಅಂತ ಒಂದಿರುತ್ತಲ್ಲ!"

"ಗುದ್ದದ ದಿನ?"

"ಕೆಲಸಾನೇ ಮಾಡ್ಲಿಲ್ಲ, ಯಾಕೆ ಕೊಡ್ಲಿ?"

"ನಂಗೆ ವಾಸನೆ ಬಂತಪ್ಪ," ಅಂದಳು ಅಟ್ರಾಕ್ಟಾ. "ಹೇಳ್ಬೇಕಿತ್ತಾ?"

೪ (ಮುಕ್ತಾಯಗಳು, ಬೇಕಾದದ್ದನ್ನು ಆರಿಸಿ)
ಅ) ಬಿಡ್ಡಿ ಗೋಡೆ ಹಾರುತ್ತದೆ, ಕೋರ್ಮಾಕನಿಗೆ ಜೈ.
ಆ) ವಿಜ್ಞಾನ ಗೆಲ್ಲುತ್ತದೆ, ಓರ್ಲಾ ಭಾಷಣ ಮಾಡುತ್ತಾಳೆ.

"ಎರಡೂ ಬೇಡ," ಅಟ್ರಾಕ್ಟಾ ನನ್ನ ಮೇಜಿನೆದುರು ಬಂದು ನಿಂತಳು. "ವಾಸನೆ ಬಂದ ದಿನ ನಾನು ಬೇಕಂತ್ಲೇ ನಂಬಿದೆ ಕಣೋ. ನಂಬಿದಷ್ಟು ದಿನ ಬಿಡ್ಡಿ ಮೇಲೆ ಕೂತಿರ್ಬಹುದಲ್ಲ ಅಂತ."

ಎರಡೂ ಮುಕ್ತಾಯಗಳನ್ನು ಹೊಡೆದುಹಾಕಿದೆ. ಮಾತಾಡಿದವನು ಕೋರ್ಮಾಕ್, ಅದೂ ನಾನು ಬರೆದುಕೊಡದ ಮಾತು.

"ಎಕ್ಸ್‌ರೇ ತೆಗೆಸಿ ಅಟ್ರಾಕ್ಟಾ. ಒಳಗೆ ಕೆಟ್ಟಿರೋ ಬೆನ್ನಿಗೆ ಗುದ್ದಿದ್ರೆ ನಾಳೆ ನಾನು ಯಾರಿಗೂ ಮುಖ ತೋರ್ಸೋಕಾಗಲ್ಲ."

೫
ತೆಗೆಸಿದರು. ಚಿತ್ರ ಓರ್ಲಾಳ ಯಂತ್ರದ ತೆರೆಯ ಮೇಲೆ ಮೂಡುತ್ತಿದ್ದಂತೆ ಅಟ್ರಾಕ್ಟಾ ಬೆನ್ನು ತಿರುಗಿಸಿದಳು.

"ನೀನು ನೋಡು ಮಗಳೇ. ನಾನು ಇವಳಿಗೆ ನೀರು ಕುಡಿಸ್ಕೊಂಡು ಬರ್ತೀನಿ."

ಓರ್ಲಾ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಬರೀ," ಅಂದಳು.

"ಬರೆಯೋಲ್ಲ."

"ಅಲ್ಲಿಗೆ ನಿಂಗೂ ಅಟ್ರಾಕ್ಟಾಗೂ ಏನು ವ್ಯತ್ಯಾಸ ಹೇಳು?"

ಏನೂ ಇಲ್ಲ. ಅಂಗಳದಲ್ಲಿ ಬಿಡ್ಡಿ ಬಕೆಟ್ಟಿಗೆ ಮೂತಿ ಇಟ್ಟಿದೆ, ಅಟ್ರಾಕ್ಟಾಳ ಕೈ ಅದರ ಬೆನ್ನಿನ ಮೇಲಿದೆ. ಅದು ನೀರು ಕುಡಿದು ಮುಗಿಸುವವರೆಗೆ ನಾನು ಪೆನ್ನು ಎತ್ತಿಕೊಳ್ಳುವುದಿಲ್ಲ.