ಗಣನೀಯ ಇಳಿಕೆ

ಸಂಶೋಧನಾಲಯದಲ್ಲಿ ಅವಳನ್ನು ಎಲ್ಲರೂ ಲೆಕ್ಕದಮ್ಮ ಎನ್ನುತ್ತಿದ್ದರು. ಆ ಹೆಸರಿಟ್ಟವರು ಅಲ್ಲಿನ ಮುಖ್ಯಸ್ಥರಾದ ಮೇಷ್ಟ್ರು. ಓದುವಾಗ ಕೈಹಿಡಿದು ಕಲಿಸಿ, ಆಮೇಲೆ ತಮ್ಮಲ್ಲೇ ಕೆಲಸ ಕೊಟ್ಟವರು. ಅವರು ಹಾಕಿದ ಗೆರೆಯನ್ನು ಅವಳು ದಾಟಿದವಳಲ್ಲ.

ಕೀಲುನೋವಿಗೆ ಅವರು ರೂಪಿಸಿದ ಮಾತ್ರೆಯ ಪರೀಕ್ಷೆ ಮುಗಿದಾಗ ಅಂಕಿಅಂಶ ಬಿಡಿಸಿದವಳು ಅವಳೇ. ಹೋಲಿಕೆಗೆಂದು ಕೊಟ್ಟ, ಔಷಧಿಯಿಲ್ಲದ ಸಕ್ಕರೆ ಗುಳಿಗೆ ನುಂಗಿದವರಿಗಿಂತ ಮಾತ್ರೆ ನುಂಗಿದವರ ನೋವು ನೂರರ ಅಳತೆಯಲ್ಲಿ ಮೂರರಷ್ಟು ಹೆಚ್ಚು ಇಳಿದಿತ್ತು. ಸಾವಿರಾರು ಜನರನ್ನು ನೋಡಿದ್ದರಿಂದ ಇದು ಆಕಸ್ಮಿಕವಲ್ಲ ಎನ್ನಬಹುದಿತ್ತು. ಆದರೆ ನೋಯುವವರ ಅನುಭವಕ್ಕೆ ಬರುವಷ್ಟು ದೊಡ್ಡದೂ ಅಲ್ಲ. ಹೊಟ್ಟೆಯಲ್ಲಿ ರಕ್ತ ಒಸರಿದವರು ಮಾತ್ರೆಯ ಗುಂಪಿನಲ್ಲಿ ತುಸು ಹೆಚ್ಚಿದ್ದರು. ಆದರೆ ಎರಡೂ ಗುಂಪು ಸೇರಿ ಅಂಥವರು ಬೆರಳೆಣಿಕೆಯಷ್ಟೇ ಇದ್ದುದರಿಂದ ಅದಕ್ಕೆ ಮಾತ್ರೆ ಕಾರಣವೋ ಅಲ್ಲವೋ ಹೇಳುವಂತಿರಲಿಲ್ಲ. ಹೀಗೇ ಬಿಡಿಸಿ ಬರೆದುಕೊಟ್ಟಳು. ಮೇಷ್ಟ್ರು ಬೆನ್ನು ತಟ್ಟಿದರು.

ಮಾತ್ರೆ ಅಂಗಡಿಗೆ ಬಂದ ದಿನ ಅವಳನ್ನು ಯಾವುದೋ ಸಭೆಯ ನೆಪದಲ್ಲಿ ಬೇರೆ ಊರಿಗೆ ಕಳಿಸಿದ್ದರು. ಇತ್ತ ಟಿವಿಯಲ್ಲಿ ಮೇಷ್ಟ್ರು, ನೋವಿನಲ್ಲಿ ಗಣನೀಯ ಇಳಿಕೆ, ರಕ್ತಸ್ರಾವದಲ್ಲಿ ಯಾವ ಹೆಚ್ಚಳವೂ ಇಲ್ಲ, ಲೆಕ್ಕವೆಲ್ಲ ನಮ್ಮ ಹುಡುಗಿಯದೇ ಎಂದು ಅವಳ ಹೆಸರೆತ್ತಿ ಹೇಳಿದರು. ಅದನ್ನು ಕೇಳಿ ಹಿಗ್ಗಿದವಳು ಅವಳ ಅಕ್ಕ. ಬಟ್ಟೆ ಹೊಲಿದು ಹೊಲಿದು ಅಕ್ಕನ ಬೆರಳ ಗೆಣ್ಣುಗಳು ಊದಿದ್ದವು. ಹಳೆಯ ಔಷಧಿ ಬಿಟ್ಟು, ವೈದ್ಯರಿಂದ ಹೊಸದನ್ನು ಬರೆಸಿಕೊಂಡಳು.

ಕೆಲವು ತಿಂಗಳಲ್ಲಿ ಅಕ್ಕ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದಳು. ಮೇಷ್ಟ್ರು ಟಿವಿಯಲ್ಲಿ ಹೇಳಿದ್ದು, ಅದನ್ನು ನಂಬಿ ಅಕ್ಕ ಆ ಮಾತ್ರೆ ನುಂಗುತ್ತಿದ್ದದ್ದು, ಎಲ್ಲವೂ ಮಂಚದ ಪಕ್ಕ ಕುಳಿತ ತಂಗಿಗೆ ಆಗಲೇ ತಿಳಿದದ್ದು.

“ನೀನು ಲೆಕ್ಕ ಹಾಕಿದ್ದು ಅಂತ ಕಣ್ಣು ಮುಚ್ಕೊಂಡು ನುಂಗಿದೆ ಕಣೇ,” ಎಂದಳು ಅಕ್ಕ. “ನೋವೇನೂ ಇಳೀಲಿಲ್ಲ. ಇಳಿದಿದ್ರೂ ನಂಗೇ ಗೊತ್ತಾಗ್ತಿಲ್ವೇನೋ ಅಂದ್ಕೊಂಡೆ.”

ಮೇಷ್ಟ್ರು ಅರಿಯದೆ ಮಾಡಿದ ತಪ್ಪಿರಬಹುದು ಎಂದು ದಾರಿಯುದ್ದಕ್ಕೂ ಆಸೆಪಡುತ್ತ ಅವರ ಕೋಣೆಗೆ ಹೋದಳು. ಅವರು ಕುರ್ಚಿ ಎಳೆದುಕೊಟ್ಟರು. ಟಿವಿಯಲ್ಲಿ ಹಾಗೇಕೆ ಹೇಳಿದಿರಿ ಎಂದು ಅವಳು ಕೇಳಿದಳು.

“‘ಗಣನೀಯ’ ಅನ್ನೋ ಮಾತು ನಿನ್ನ ವರದಿಯಲ್ಲೇ ಇತ್ತಲ್ಲಮ್ಮ.”

“ಸಂಖ್ಯಾಶಾಸ್ತ್ರದಲ್ಲಿ ಹೇಳೋ ಹಾಗೆ, ಆಕಸ್ಮಿಕ ಅಲ್ಲ ಅನ್ನೋ ಅರ್ಥಕ್ಕೆ ಬರೆದದ್ದು ಸರ್, ದೊಡ್ಡದು ಅಂತಲ್ಲ. ಹೆಚ್ಚಳ ಇದೆಯೋ ಇಲ್ವೋ ಗೊತ್ತಿಲ್ಲ ಅನ್ನೋದೂ, ಇಲ್ಲವೇ ಇಲ್ಲ ಅನ್ನೋದೂ ಒಂದೇನಾ? ಇದನ್ನ ನಂಗೆ ಕಲಿಸಿದ್ದೇ ನೀವು.”

“ಜನಕ್ಕೆ ಅಷ್ಟೆಲ್ಲ ಬಿಡಿಸಿ ಹೇಳ್ತಾ ಕೂತ್ರೆ ಮಾತ್ರೆ ಯಾರು ತಗೋತಾರೆ?”

ನಂಬಿಸಿ ಕುತ್ತಿಗೆ ಕೊಯ್ದಂತಾಗಿತ್ತು. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಅಂದೇ ಕೆಲಸ ಬಿಟ್ಟು, ಔಷಧಿಗೆ ಪರವಾನಗಿ ಕೊಡುವ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮುಂದೆ ಮಾತ್ರೆಯ ಪೆಟ್ಟಿಗೆಯ ಮೇಲೆ ಎಚ್ಚರಿಕೆಯ ಸಾಲೊಂದು ಬಂತು. ಮೇಷ್ಟ್ರ ಕುರ್ಚಿ ಅಲುಗಲಿಲ್ಲ.

ಅಕ್ಕ ಚೇತರಿಸಿಕೊಂಡು ಹೊಲಿಗೆಗೆ ಮರಳಿದ್ದಾಳೆ. ತಂಗಿಯ ಮೇಲೆ ಮುನಿಸಿಲ್ಲ. ಬಂದರೆ ಉಣ್ಣಿಸಿಯೇ ಕಳಿಸುತ್ತಾಳೆ. ಆದರೆ ವೈದ್ಯರು ಹೊಸ ಮಾತ್ರೆ ಏನಾದರೂ ಬರೆದುಕೊಟ್ಟರೆ, ಎದುರಿಗೇ ಕುಳಿತ ತಂಗಿಯನ್ನು ಬಿಟ್ಟು ಔಷಧಿ ಅಂಗಡಿಯವನಿಗೆ ಫೋನ್ ಮಾಡಿ, ನುಂಗಬಹುದಾ ಎಂದು ಕೇಳುತ್ತಾಳೆ.