ದರ್ಜಿಯ ಮರದ ನೆರಳು

ಪಕ್ಕದ ಮನೆಯ ದರ್ಜಿಗೂ ನನಗೂ ಆರು ವರ್ಷದಿಂದ ಮಾತಿಲ್ಲ, ಜಗಳ ಮಾತ್ರ. ಆತನ ಮರದ ಎಲೆ ಉದುರಿ ನಮ್ಮ ಮೋರಿ ಕಟ್ಟಿಕೊಳ್ಳುತ್ತಿತ್ತು. "ಆ ಮರ ಕಡಿಸ್ರೀ" ಎಂದು ಕಾಂಪೌಂಡಿನ ಮೇಲಿಂದ ನಾನು ಕೂಗದ ವಾರವಿಲ್ಲ.

ಸೋಮವಾರ ಬೆಳಿಗ್ಗೆ ಗರಗಸದ ಸದ್ದು ಕೇಳಿ ಹಿತ್ತಲಿಗೆ ಬಂದೆ. ಮರ ಕಡಿಯುವವನು ಆಗಲೇ ಒಂದು ಕೊಂಬೆ ಇಳಿಸಿದ್ದ. ಎಂದೂ ಬಿಸಿಲು ಕಾಣದ ನಮ್ಮ ಮೂಲೆಯಲ್ಲಿ ಮೊರದಗಲ ಬಿಸಿಲು ಬಿದ್ದಿತ್ತು, ಅದೂ ಅಕ್ಕನ ಹೋಸ್ಟಾ ಗಿಡದ ಮೇಲೆ.

ಹೋಸ್ಟಾ ಬೆಳೆಸುವುದು ಹೂವಿಗಲ್ಲ, ಬಿಳಿ ಅಂಚಿನ ಆ ಅಗಲ ಎಲೆಗೆ. ನೆರಳಿದ್ದರೆ ಬಾಳು, ಬಿಸಿಲು ಬಿದ್ದರೆ ಅಂಚು ಸುಟ್ಟು ಹೋಗುತ್ತದೆ. ಒಂದೇ ಬುಡವನ್ನು ಸೀಳಿ ಸೀಳಿ ಅಕ್ಕ ಹದಿನಾಲ್ಕು ಮಾಡಿದ್ದಳು. ಸೊಂಟದ ಆಪರೇಷನ್ನಿಗೆ ಹೋಗುವಾಗ ಹೇಳಿದ್ದು ಒಂದೇ: "ಬಸವನಹುಳ ಹೆಕ್ಕಿದ್ರೆ ಸಾಕು, ನಿನ್ನ ಬುದ್ಧಿ ಉಪಯೋಗಿಸ್ಬೇಡ." ನಾಳೆಯೇ ಅವಳು ಮನೆಗೆ ಬರುವವಳು. ಕೂತ ಕೊಂಬೆಯನ್ನೇ ಕಡಿದುಕೊಂಡರು ಅನ್ನುತ್ತಾರಲ್ಲ, ನನ್ನದು ಅದೇ ಕಥೆ.

ಚಪ್ಪಲಿಯನ್ನೂ ಹಾಕದೆ ಓಡಿದೆ. "ನಿಲ್ಲಿಸಪ್ಪ, ಇಳಿ ಕೆಳಗೆ" ಎಂದು ಮರದ ಮೇಲಿದ್ದವನಿಗೆ ಹೇಳಿದೆ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ದರ್ಜಿ ಹೊರಬಂದ.

"ನೀವೇ ಅಲ್ವೇನ್ರೀ ಕಡಿಸಿ ಅಂದಿದ್ದು? ಅಕ್ಕಾವ್ರು ಆಸ್ಪತ್ರೆಯಿಂದ ಬರ್ತಿದ್ದಾರೆ, ಇನ್ನಾದ್ರೂ ಜಗಳ ಬೇಡ ಅಂತ ಕಡಿಸ್ತಿದ್ದೀನಿ."

ಆಡಿದ ಮಾತು ನುಂಗುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. "ನಂದೇ ತಪ್ಪು. ಅಕ್ಕನ ಗಿಡ ಬದುಕಿರೋದೇ ನಿಮ್ಮ ಮರದಿಂದ. ಬಿಟ್ಬಿಡಿ. ಮೋರಿ ನಾನೇ ಗುಡಿಸ್ಕೋತೀನಿ."

ಆತ ಮೆಟ್ಟಿಲ ಮೇಲೆ ಕುಸಿದು ಕೂತ. "ನಮ್ಮಪ್ಪ ನೆಟ್ಟ ಮರ ಇದು. ಬೆಳಿಗ್ಗೆಯಿಂದ ಕಿಟಕಿ ಮುಚ್ಕೊಂಡು ಕೂತಿದ್ದೆ. ಯಾರಾದ್ರೂ ಬೇಡ ಅನ್ನಲಿ ಅಂತಿದ್ದೆ. ನೀವು ಅಂತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

ಇಬ್ಬರಿಗೂ ಹೋದ ಜೀವ ಬಂದಂತಾಯಿತು.

ಬಿಸಿಲಿಗೆ ಸಿಕ್ಕ ಗಿಡದ್ದೊಂದು ಚಿಂತೆ ಉಳಿದಿತ್ತು. ಸಂಜೆಯೊಳಗೆ ದರ್ಜಿ ಕೋಟಿನ ಅಸ್ತರಿನ ಬಟ್ಟೆ ಹೊಲಿದು, ನಾಲ್ಕು ಕೋಲು ನೆಟ್ಟು ಅದಕ್ಕೊಂದು ಚಪ್ಪರ ಮಾಡಿಕೊಟ್ಟ. ಅಂಗಿಗೆ ಹಾಕುವ ಹಾಗೆ ಗುಂಡಿ ಬೇರೆ ಇಟ್ಟಿದ್ದ.

ಮರುದಿನ ಅಕ್ಕ ಕೋಲೂರಿಕೊಂಡು ಸೀದಾ ಹಿತ್ತಲಿಗೇ ಹೋದಳು. ಚಪ್ಪರದ ಮುಂದೆ ನಿಂತು ಗುಂಡಿ ಮುಟ್ಟಿ ನೋಡಿದಳು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಇದು ದರ್ಜಿ ಹೊಲಿಗೆ" ಎಂದಳು. "ಅಂದ್ರೆ ನೀವಿಬ್ರೂ ಮಾತಾಡಿದ್ದೀರಿ."

"ಹೂಂ, ಮಾತಾಡಿದ್ವಿ."

"ಅಬ್ಬ, ಸದ್ಯ" ಎಂದು ಅಕ್ಕ ಕಲ್ಲುಬೆಂಚಿನ ಮೇಲೆ ನಿಧಾನವಾಗಿ ಕೂತಳು. "ಗಿಡ ಹೋದ್ರೆ ಇನ್ನೊಂದು ಸೀಳ್ತಿದ್ದೆ ಕಣೇ. ನಿಮ್ಮ ಜಗಳ ಕೇಳೋಕೆ ವಾಪಸ್ ಬರ್ಬೇಕಲ್ಲ ಅಂತ ಸೊಂಟಕ್ಕಿಂತ ಜಾಸ್ತಿ ಅದೇ ನೋಯ್ತಿತ್ತು."